ಒಳಗೆ ಯಾರಾದರೂ ಇದ್ದೀರಾ?

1981ರ ಆಗಸ್ಟ್ 12ರಂದು ಅಮೆರಿಕದ ಐಬಿಎಂ ಕಂಪನಿ ತನ್ನ ಮೊದಲ ‘ಪರ್ಸನಲ್ ಕಂಪ್ಯೂಟರ್’ ಅನ್ನು ಜಗತ್ತಿಗೆ ತೋರಿಸಿತು. ಅದರ ಮುಚ್ಚಳ ತೆಗೆದು ನೋಡಿದವರಿಗೆ ಮದರ್‌ಬೋರ್ಡಿನ ಮೇಲೆ ಒಂದು ವಿಚಿತ್ರ ಕಾಣುತ್ತಿತ್ತು. ಗಣಕದ ಮಿದುಳು ಎನಿಸಿದ ಇಂಟೆಲ್ 8088 ಚಿಪ್ ಪಕ್ಕದಲ್ಲೇ, ಅಷ್ಟೇ ಉದ್ದದ ಇನ್ನೊಂದು ಚಿಪ್ ಕೂರಬಹುದಾದ 40 ಕಾಲುಗಳ ಸಾಕೆಟ್ ಇತ್ತು. ಆದರೆ ಅದು ಖಾಲಿ. ಪಂಕ್ತಿಯಲ್ಲಿ ಎಲೆ ಹಾಕಿದ್ದಾರೆ, ಉಣ್ಣುವವರು ಬಂದಿಲ್ಲ ಎಂಬಂತೆ.

ಆ ಎಲೆ ಹಾಕಿದ್ದು 8087 ಎಂಬ ಚಿಪ್‌ಗಾಗಿ. ಇಂಟೆಲ್ ಅದನ್ನು 1980ರಲ್ಲೇ ಪ್ರಕಟಿಸಿತ್ತು. 8088ಕ್ಕೆ ಬರುತ್ತಿದ್ದುದು ಪೂರ್ಣಾಂಕಗಳ ಲೆಕ್ಕ ಮಾತ್ರ. ಮೂರೂಮುಕ್ಕಾಲನ್ನು ಎರಡೂವರೆಯಿಂದ ಗುಣಿಸು ಎಂದರೆ ಅದು ನೂರಾರು ಸಣ್ಣ ಹೆಜ್ಜೆಗಳಲ್ಲಿ ಬಳಸಿ ಸುತ್ತಿ ಉತ್ತರಕ್ಕೆ ಬರಬೇಕಿತ್ತು. ವರ್ಗಮೂಲ, ಲಾಗರಿದಮ್‌ಗಳ ಪಾಡು ಕೇಳುವುದೇ ಬೇಡ. 8087 ಇಂಥ ದಶಮಾಂಶದ ಲೆಕ್ಕಕ್ಕೆಂದೇ ಹುಟ್ಟಿದ ಸಹಾಯಕ. ಸಂಖ್ಯೆಗಳನ್ನು 80 ಬಿಟ್‌ಗಳಷ್ಟು ಅಗಲದಲ್ಲಿ ಇಟ್ಟುಕೊಂಡು, ಹತ್ತಾರು ಪಟ್ಟು ವೇಗದಲ್ಲಿ ಲೆಕ್ಕ ಮುಗಿಸುತ್ತಿತ್ತು. ಬರ್ಕ್‌ಲಿಯ ಗಣಿತಜ್ಞ ವಿಲಿಯಂ ಕಹಾನ್ ಇದರ ಲೆಕ್ಕದ ನಿಯಮಗಳಿಗೆ ಸಲಹೆಗಾರರಾಗಿದ್ದರು. ಕಂಪ್ಯೂಟರ್ ಅಂಕಗಣಿತದ ಮೇಲಿನ ಅವರ ಕೆಲಸಕ್ಕೆ 1989ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ಆದರೆ ಪತ್ರ ಟೈಪು ಮಾಡುವವನಿಗೆ ಈ ಸಹಾಯಕನಿಂದ ಏನೂ ಆಗಬೇಕಾಗಿರಲಿಲ್ಲ. ಸೇತುವೆಯ ನಕ್ಷೆ ಬರೆಯುವ ಎಂಜಿನಿಯರಿಗೆ ಮಾತ್ರ ಬೇಕಿತ್ತು. ಎಲ್ಲರ ಮೇಲೂ ಖರ್ಚು ಹೊರಿಸುವುದೇಕೆ ಎಂದು ಅದನ್ನು ಐಚ್ಛಿಕವಾಗಿ ಬಿಟ್ಟರು. ಬೇಕಾದವರು ಕೊಂಡು ತಂದು ಕೂರಿಸಿಕೊಳ್ಳಲಿ! ಮಾರುವವರಿಗೆ ಇದು ಸರಳ ಏರ್ಪಾಡು. ತೊಂದರೆ ಬಂದದ್ದು ಪ್ರೊಗ್ರಾಂ ಬರೆಯುವವರಿಗೆ. ಅವರು ಒಂದು ಫ್ಲಾಪಿಯಲ್ಲಿ ತುಂಬಿ ಮಾರುವ ತಂತ್ರಾಂಶ ಎಷ್ಟೋ ಸಾವಿರ ಯಂತ್ರಗಳಿಗೆ ಹೋಗುತ್ತದೆ. ಯಾವ ಯಂತ್ರದಲ್ಲಿ ಸಹಾಯಕ ಇದ್ದಾನೆ, ಯಾವುದರಲ್ಲಿ ಇಲ್ಲ ಎಂಬುದು ಬರೆಯುವಾಗ ತಿಳಿಯುವುದಿಲ್ಲ. ತಿಳಿಯಬೇಕಾದದ್ದು ಓಡುವ ಹೊತ್ತಿನಲ್ಲಿ, ಆ ಯಂತ್ರದೊಳಗೇ ನಿಂತು. ಅಂದರೆ ಪ್ರೊಗ್ರಾಂ ಕೆಲಸ ಶುರುಮಾಡುವ ಮೊದಲು ಬಾಗಿಲು ತಟ್ಟಿ ಕೇಳಬೇಕು: ಒಳಗೆ ಯಾರಾದರೂ ಇದ್ದೀರಾ?

ಕೇಳುವುದೇನೋ ಸುಲಭ. ಇರುವವನು ‘ಇದ್ದೇನೆ’ ಎನ್ನಬಲ್ಲ. ಇಲ್ಲದವನು ‘ಇಲ್ಲ’ ಎನ್ನುವುದು ಹೇಗೆ?

8088 ಮತ್ತು 8087 ಕೂಡಿ ಕೆಲಸ ಮಾಡುತ್ತಿದ್ದ ಬಗೆಯೇ ಇಲ್ಲಿ ಕಗ್ಗಂಟು. 8088 ನೆನಪಿನ ಕೋಶದಿಂದ ಆದೇಶಗಳನ್ನು ಒಂದೊಂದಾಗಿ ಓದುತ್ತ ಹೋಗುತ್ತದೆ. ಪಕ್ಕದಲ್ಲಿ ಕುಳಿತ 8087 ಅದೇ ಆದೇಶಗಳನ್ನು ಇಣುಕಿ ಓದುತ್ತಿರುತ್ತದೆ. ತನ್ನ ಗುರುತಿನ ಆದೇಶ ಬಂದೊಡನೆ ತಾನೇ ಎತ್ತಿಕೊಳ್ಳುತ್ತದೆ. ಅಂಥ ಆದೇಶ ಕಂಡಾಗ 8088 ‘ಇದು ನನ್ನದಲ್ಲ, ಅವನು ನೋಡಿಕೊಳ್ಳುತ್ತಾನೆ’ ಎಂದು ಮುಂದೆ ಸಾಗುತ್ತದೆ. ಅವನು ಅಲ್ಲಿ ಇದ್ದಾನೋ ಇಲ್ಲವೋ ಎಂದು ತಿರುಗಿ ನೋಡುವುದಿಲ್ಲ. ಸಾಕೆಟ್ ಖಾಲಿಯಿದ್ದರೆ ಆದೇಶ ಗಾಳಿಗೆ ಹೋಯಿತು. ದೂರು ಹೇಳುವವರು ಯಾರೂ ಇಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. 8087 ಒಂದು ಲೆಕ್ಕ ಮುಗಿಸುವ ತನಕ 8088 ಕಾಯಬೇಕು. ಅದಕ್ಕೆ ‘ವೇಟ್’ ಎಂಬ ಆದೇಶ. ಎರಡು ಚಿಪ್‌ಗಳ ನಡುವಿನ ಒಂದು ತಂತಿಯ ಮೇಲೆ ‘ಮುಗಿಯಿತು’ ಎಂಬ ಸಂಕೇತ ಬರುವವರೆಗೆ 8088 ಅಲುಗಾಡುವುದಿಲ್ಲ. ಸಾಕೆಟ್‌ನಲ್ಲಿ ಯಾರೂ ಇಲ್ಲದಿದ್ದರೆ ಆ ಸಂಕೇತ ಎಂದೆಂದಿಗೂ ಬರುವುದಿಲ್ಲ. ಕಂಪ್ಯೂಟರ್ ಸ್ತಬ್ಧ. ಕೀಲಿಮಣೆ ಒತ್ತಿದರೂ ಪ್ರಯೋಜನವಿಲ್ಲ, ವಿದ್ಯುತ್ ಆರಿಸಿ ಮತ್ತೆ ಹಚ್ಚಬೇಕು. ಫ್ಲಾಪಿಗೆ ಉಳಿಸದೆ ಬಿಟ್ಟಿದ್ದ ಬೆಳಗಿನ ಕೆಲಸವೆಲ್ಲ ಅದರೊಂದಿಗೇ ಹೋಯಿತು. ಮತ್ತೆ 8087ಕ್ಕೆ ಬರೆದ ಬಹುಪಾಲು ಆದೇಶಗಳ ಮುಂದೆ ಈ ‘ವೇಟ್’ ತಾನಾಗಿಯೇ ಸೇರಿಕೊಳ್ಳುತ್ತಿತ್ತು. ಹೀಗಾಗಿ ಸಹಾಯಕ ಇದ್ದಾನೆಯೇ ಎಂದು ಕೇಳಹೊರಟ ಪ್ರೊಗ್ರಾಂ, ಕೇಳಿದ ತಪ್ಪಿಗೇ ನಿಂತುಬಿಡುವ ಸಂಭವವಿತ್ತು.

ಐಬಿಎಂ ಒಂದು ದಾರಿ ಮಾಡಿತ್ತು. ಮದರ್‌ಬೋರ್ಡಿನ ಮೇಲೆ ಅಕ್ಕಿಕಾಳಿನಷ್ಟು ಪುಟ್ಟ ಸ್ವಿಚ್ಚುಗಳ ಸಾಲು. ಅದರಲ್ಲಿ ಎರಡನೆಯದು 8087ಕ್ಕೆ ಮೀಸಲು. ಚಿಪ್ ಕೂರಿಸಿದವರು ಆ ಸ್ವಿಚ್ಚನ್ನೂ ಬದಲಿಸಬೇಕು. ಗಣಕ ಹಚ್ಚಿದಾಗ ಅದರ ಮೂಲ ತಂತ್ರಾಂಶ ಸ್ವಿಚ್ಚುಗಳನ್ನು ನೋಡಿ, ಯಾವ ಯಾವ ಸಲಕರಣೆ ಇದೆ ಎಂಬ ಪಟ್ಟಿಯನ್ನು ನೆನಪಿನ ಒಂದು ಮೂಲೆಯಲ್ಲಿ ಬರೆದಿಡುತ್ತಿತ್ತು. ಯಾವ ಪ್ರೊಗ್ರಾಂ ಬೇಕಾದರೂ ಆ ಪಟ್ಟಿ ಕೇಳಿ ಓದಬಹುದು.

ಹಾಜರಿ ಪುಸ್ತಕ ಎಂದರೆ ಹೇಗಿರುತ್ತದೆಂದು ನಮ್ಮ ಕಚೇರಿಗಳನ್ನು ಬಲ್ಲವರಿಗೆ ಹೇಳಬೇಕಿಲ್ಲ. ಸಹಿ ಇರುತ್ತದೆ, ಕುರ್ಚಿ ಖಾಲಿ ಇರುತ್ತದೆ. ಚಿಪ್ ಕೂರಿಸಿ ಸ್ವಿಚ್ಚು ಮರೆತವರಿದ್ದರು. ಸ್ವಿಚ್ಚು ತಿರುಗಿಸಿ ಚಿಪ್ ಕಿತ್ತುಕೊಂಡು ಬೇರೆ ಯಂತ್ರಕ್ಕೆ ಒಯ್ಯುವುದೂ ಸಾಧ್ಯವಿತ್ತು. ಹಾಗಾಗಿ ಎಚ್ಚರದ ಪ್ರೊಗ್ರಾಮರುಗಳು ಪಟ್ಟಿಯನ್ನು ನಂಬದೆ ಬೇರೊಂದು ಉಪಾಯ ಹಿಡಿದರು. ಇಂಟೆಲ್ ತನ್ನ ಕೈಪಿಡಿಗಳಲ್ಲೂ ಅದನ್ನೇ ಮುದ್ರಿಸಿತು.

ಉಪಾಯ ಹೀಗೆ. ನೆನಪಿನ ಒಂದು ಮನೆಯಲ್ಲಿ ಅರ್ಥವಿಲ್ಲದ ಒಂದು ಗುರುತನ್ನು ಮೊದಲೇ ಬರೆದಿಡಬೇಕು. ಸ್ಲೇಟಿನ ಮೇಲೆ ಬಳಪದಿಂದ ಗೀಟು ಎಳೆದಿಟ್ಟಂತೆ. ಆಮೇಲೆ ಕಾಯುವ ‘ವೇಟ್’ ಇಲ್ಲದ ಎರಡು ಆದೇಶಗಳನ್ನು ಕೊಡಬೇಕು. ಮೊದಲನೆಯದು, ‘ಹೊಸದಾಗಿ ಸಿದ್ಧನಾಗು’. ಎರಡನೆಯದು, ‘ನಿನ್ನ ಸ್ಥಿತಿಯನ್ನು ಈ ಸ್ಲೇಟಿನ ಮೇಲೆ ಬರೆ’. ಈಗಷ್ಟೇ ಸಿದ್ಧನಾದ 8087ನ ಸ್ಥಿತಿ ಸೊನ್ನೆ. ಹಿಂತಿರುಗಿ ನೋಡಿದಾಗ ಸ್ಲೇಟಿನ ಮೇಲೆ ಸೊನ್ನೆ ಇದ್ದರೆ ಒಳಗೆ ಯಾರೋ ಇದ್ದಾರೆ. ಹಳೆಯ ಗೀಟು ಹಾಗೆಯೇ ಉಳಿದಿದ್ದರೆ ಯಾರೂ ಇಲ್ಲ. ಮೊದಲೇ ಗೀಟು ಎಳೆಯದೆ ಹೋದರೆ? ಆ ಜಾಗದಲ್ಲಿ ಆಕಸ್ಮಿಕವಾಗಿ ಸೊನ್ನೆಯೇ ಬಿದ್ದಿರಬಹುದು, ಆಗ ಖಾಲಿ ಸಾಕೆಟ್ಟೂ ‘ಇದ್ದೇನೆ’ ಎಂದಂತೆ ತೋರುತ್ತದೆ. ಅದಕ್ಕೇ ಆ ಗೀಟು. ನಾಲ್ಕಾರು ಸಾಲಿನ ಈ ತುಣುಕಿನಲ್ಲಿ ಇಲ್ಲದವನ ಮೌನವನ್ನು ಓದುವ ಜಾಣತನವಿತ್ತು.

ಇದ್ದಾನೋ ಇಲ್ಲವೋ ತಿಳಿದಾಯಿತು. ಮುಂದೇನು? ಇಲ್ಲಿ ತಂತ್ರಾಂಶ ಕಂಪನಿಗಳು ಬೇರೆ ಬೇರೆ ದಾರಿ ಹಿಡಿದವು. ನಕ್ಷೆ ಬರೆಯುವ ಆಟೊಕ್ಯಾಡ್ 1987ರ ತನ್ನ 9ನೆಯ ಆವೃತ್ತಿಯಿಂದ ‘ಚಿಪ್ ಇಲ್ಲದಿದ್ದರೆ ನಾನಿಲ್ಲ’ ಎಂದುಬಿಟ್ಟಿತು. ಲೆಕ್ಕಪತ್ರದ ಲೋಟಸ್ 1-2-3 ತನ್ನ ಎರಡನೆಯ ಆವೃತ್ತಿಯಲ್ಲಿ ಚಿಪ್ ಇದ್ದರೆ ಬಳಸಿಕೊಂಡಿತು, ಇಲ್ಲದವರನ್ನೂ ಬಿಡಲಿಲ್ಲ. ಮೈಕ್ರೊಸಾಫ್ಟ್ ಮತ್ತು ಬೋರ್ಲೆಂಡ್ ಕಂಪನಿಗಳ ಕಂಪೈಲರುಗಳು ಮಾಡಿದ ಏರ್ಪಾಡು ಎಲ್ಲಕ್ಕಿಂತ ಸೊಗಸು. ಪ್ರೊಗ್ರಾಂನಲ್ಲಿ ದಶಮಾಂಶದ ಲೆಕ್ಕ ಬರುವ ಕಡೆಯಲ್ಲೆಲ್ಲ 8087ನ ಆದೇಶದ ಬದಲು ಎರಡು ಬೈಟ್‌ಗಳ ಒಂದು ಕರೆಗಂಟೆ ಇಟ್ಟರು. ಗಂಟೆ ಬಾರಿಸಿದಾಗ ಮೇಲ್ವಿಚಾರಕ ತುಣುಕೊಂದು ಓಡಿ ಬರುತ್ತದೆ. ಚಿಪ್ ಇಲ್ಲದಿದ್ದರೆ ತಾನೇ ಕೂತು, ನಿಧಾನವಾಗಿಯಾದರೂ, ಲೆಕ್ಕ ಮಾಡಿಕೊಡುತ್ತದೆ. ಚಿಪ್ ಇದ್ದರೆ ಆ ಗಂಟೆಯನ್ನೇ ಕಿತ್ತು, ಅದೇ ಎರಡು ಬೈಟ್‌ಗಳ ಜಾಗದಲ್ಲಿ 8087ನ ನಿಜವಾದ ಆದೇಶವನ್ನು ಬರೆದು ಹೋಗುತ್ತದೆ. ಮುಂದಿನ ಬಾರಿ ಆ ದಾರಿಯಲ್ಲಿ ಬಂದಾಗ ಮೇಲ್ವಿಚಾರಕನ ಹಂಗಿಲ್ಲ. ಓಡುತ್ತಿರುವ ಪ್ರೊಗ್ರಾಂ ತನ್ನನ್ನೇ ತಿದ್ದಿಕೊಳ್ಳುತ್ತ, ತಾನು ಸೇರಿದ ಮನೆಗೆ ಹೊಂದಿಕೊಳ್ಳುತ್ತಿತ್ತು. ಒಂದೇ ಫ್ಲಾಪಿ, ಉಳ್ಳವರಿಗೂ ಇಲ್ಲದವರಿಗೂ. ಉತ್ತರ ಹೆಚ್ಚುಕಡಿಮೆ ಒಂದೇ, ಕಾಯುವ ಹೊತ್ತು ಮಾತ್ರ ಬೇರೆ.

ಪರೀಕ್ಷೆ ಕೈಕೊಡುವ ಯಂತ್ರಗಳೂ ಇದ್ದವೆಂದು ಕಾಣುತ್ತದೆ. ಬೋರ್ಲೆಂಡ್ ತನ್ನ ಬಳಕೆದಾರರಿಗೆ ಒಂದು ಸಣ್ಣ ಸೌಲಭ್ಯ ಕೊಟ್ಟಿತ್ತು. ಡಾಸ್‌ನಲ್ಲಿ ‘87’ ಎಂಬ ಹೆಸರಿಗೆ ‘ಎನ್’ ಎಂಬ ಬೆಲೆ ಕೊಟ್ಟರೆ, ಚಿಪ್ ಎದುರಿಗೇ ಕುಳಿತಿದ್ದರೂ ಪ್ರೊಗ್ರಾಂ ಅದು ಇಲ್ಲವೆಂದೇ ನಡೆದುಕೊಳ್ಳುತ್ತಿತ್ತು. ತಂತ್ರಾಂಶವನ್ನು ಪರೀಕ್ಷಿಸುವವರಿಗೆ ಇದು ವರ. ಚಿಪ್ ಇಲ್ಲದ ಗಿರಾಕಿಯ ಯಂತ್ರದಲ್ಲಿ ತಮ್ಮ ಪ್ರೊಗ್ರಾಂ ಹೇಗೆ ನಡೆದೀತು ಎಂದು, ಚಿಪ್ ಕೀಳದೆಯೇ ನೋಡಬಹುದಿತ್ತು.

ಹೊಸ ಪೀಳಿಗೆಯ ಚಿಪ್‌ಗಳು ಬಂದಂತೆ ಪ್ರಶ್ನೆ ಸೂಕ್ಷ್ಮವಾಯಿತು. 80386 ಯಂತ್ರಗಳಲ್ಲಿ ಕೆಲವಕ್ಕೆ ಹಳೆಯ 80287 ಸಹಾಯಕನೂ ನಡೆಯುತ್ತಿತ್ತು, 1987ರ ಹೊಸ 80387ನೂ ನಡೆಯುತ್ತಿತ್ತು. ಇರುವವನು ಯಾರು? ಹೆಸರು ಹೇಳಲು ಇಬ್ಬರಿಗೂ ಬಾರದು. ಆಗ ಪ್ರೊಗ್ರಾಮರುಗಳು ಕೇಳಿದ್ದು ಗಣಿತದ ಒಂದು ಪ್ರಶ್ನೆ. ಒಂದನ್ನು ಸೊನ್ನೆಯಿಂದ ಭಾಗಿಸಿದರೆ ಬರುವುದು ಅನಂತ. ಅದರ ಚಿಹ್ನೆ ಬದಲಿಸಿದರೆ ಋಣ ಅನಂತ. ಇವೆರಡೂ ಒಂದೇನಾ? ಹಳೆಯ ಚಿಪ್‌ಗಳು, ಬೇರೆ ಹೇಳದಿದ್ದರೆ, ಒಂದೇ ಎನ್ನುತ್ತಿದ್ದವು. ಸಂಖ್ಯಾರೇಖೆಯ ಎರಡು ತುದಿಗಳನ್ನು ಬಗ್ಗಿಸಿ ವೃತ್ತದಂತೆ ಕೂಡಿಸುವ ಪಕ್ಷ ಅವುಗಳದು. 1985ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ನಿಯಮ ಆ ಪಕ್ಷವನ್ನು ಕೈಬಿಟ್ಟಿತು. 80387 ಆ ನಿಯಮ ಪಾಲಿಸಿ ‘ಬೇರೆ ಬೇರೆ’ ಎನ್ನುತ್ತಿತ್ತು. ಅನಂತದ ಬಗ್ಗೆ ನಿನ್ನ ಸಿದ್ಧಾಂತವೇನು ಎಂದು ಕೇಳಿ ಆಸಾಮಿಯ ವಯಸ್ಸು ಹೇಳುವ ಈ ಪರೀಕ್ಷೆಯನ್ನು ದ್ವೈತ, ಅದ್ವೈತಗಳ ನಾಡಿನವರು ಮೆಚ್ಚಿಕೊಳ್ಳದಿರಲಾರರು.

1989ರಲ್ಲಿ ಬಂದ 80486 ಈ ಸಹಾಯಕನನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿತು. ಇನ್ನು ಕೇಳುವ ಕೆಲಸ ತಪ್ಪಿತು ಎನ್ನುವಷ್ಟರಲ್ಲಿ, 1991ರಲ್ಲಿ ಇಂಟೆಲ್ ಕಡಿಮೆ ಬೆಲೆಯ 486ಎಸ್‌ಎಕ್ಸ್ ಮಾರಿತು. ಅದರಲ್ಲಿ ಸಹಾಯಕನಿಗೆ ರಜೆ. ಬೇಕೆನ್ನುವವರು 487ಎಸ್‌ಎಕ್ಸ್ ಎಂಬ ಚಿಪ್ ಕೊಂಡು ಪಕ್ಕದಲ್ಲಿ ಕೂರಿಸಬೇಕಿತ್ತು. ತಮಾಷೆಯೆಂದರೆ ಈ 487 ಬರಿಯ ಸಹಾಯಕ ಆಗಿರಲಿಲ್ಲ, ಪೂರ್ತಿ 486 ಆಗಿತ್ತು. ಬಂದೊಡನೆ ಮೊದಲಿದ್ದ ಯಜಮಾನನನ್ನು ಮಲಗಿಸಿ ತಾನೇ ಮನೆವಾರ್ತೆ ನೋಡಿಕೊಳ್ಳುತ್ತಿತ್ತು!

1994ರಲ್ಲಿ ಇನ್ನೊಂದು ಬಗೆಯ ಪೆಟ್ಟು ಬಿತ್ತು. ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕದಲ್ಲಿ ತೊಡಗಿದ್ದರು. ಹೊಸ ಪೆಂಟಿಯಂ ಗಣಕದಲ್ಲಿ ಉತ್ತರ ತಾಳೆಯಾಗಲಿಲ್ಲ. ಹುಡುಕುತ್ತ ಹೋದರೆ ತಪ್ಪು ಅವರದಲ್ಲ, ಚಿಪ್‌ನದು. ಭಾಗಾಕಾರಕ್ಕೆ ಅದು ನೋಡಿಕೊಳ್ಳುವ ಕೋಷ್ಟಕದಲ್ಲಿ ಐದು ಮನೆಗಳು ತುಂಬದೆ ಉಳಿದಿದ್ದವು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು. ದೋಷವಿದ್ದ ಪೆಂಟಿಯಂ 1.33373 ಎನ್ನುತ್ತಿತ್ತು. ಗದ್ದಲ ಎದ್ದ ಮೇಲೆ ಇಂಟೆಲ್ ಚಿಪ್ ಬದಲಿಸಿಕೊಡಲು ಒಪ್ಪಿ, 47 ಕೋಟಿ 50 ಲಕ್ಷ ಡಾಲರುಗಳನ್ನು ಅದಕ್ಕಾಗಿ ತೆಗೆದಿಡಬೇಕಾಯಿತು.

ಬಾಗಿಲು ತಟ್ಟುವವರಿಗೆ ಇದು ಹೊಸ ಸಮಸ್ಯೆ. ಸ್ಲೇಟಿನ ಪರೀಕ್ಷೆಯಲ್ಲಿ ಪೆಂಟಿಯಂ ಸಲೀಸಾಗಿ ತೇರ್ಗಡೆಯಾಗುತ್ತದೆ. ಅಲ್ಲಿ ಸಹಾಯಕ ಇದ್ದಾನೆ, ಕರೆದರೆ ಓಗೊಡುತ್ತಾನೆ, ಆದರೆ ಮಗ್ಗಿ ತಪ್ಪು. ಕಂಪೈಲರುಗಳು ತಮ್ಮ ಪ್ರೊಗ್ರಾಂಗಳಲ್ಲಿ ಇನ್ನೊಂದು ಪರೀಕ್ಷೆ ಸೇರಿಸಿದವು, ದೋಷ ಕಂಡರೆ ಭಾಗಾಕಾರವನ್ನು ಬಳಸುದಾರಿಯಲ್ಲಿ ಮಾಡತೊಡಗಿದವು. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ 32 ಬಿಟ್ ಆವೃತ್ತಿ, ಗಣಕ ಹಚ್ಚಿದಾಗ ಇದೇ ಎರಡು ಸಂಖ್ಯೆಗಳನ್ನು ಭಾಗಿಸಿ ನೋಡಿ, ಚಿಪ್‌ನ ವಿವರಪಟ್ಟಿಯಲ್ಲಿ ‘ಭಾಗಾಕಾರದ ದೋಷ: ಇಲ್ಲ’ ಎಂಬರ್ಥದ ಸಾಲನ್ನು ಬರೆಯುತ್ತಿತ್ತು. ಆ ಚಿಪ್‌ಗಳು ಗುಜರಿ ಸೇರಿ ವರ್ಷಗಟ್ಟಲೆ ಕಳೆದ ಮೇಲೂ ಆ ಸಾಲು ಮೂಡುತ್ತಲೇ ಇತ್ತು.

ಪೆಂಟಿಯಂ ತಂದ ಒಳ್ಳೆಯದೂ ಒಂದಿತ್ತು. 1993ರಲ್ಲಿ ಅದರೊಂದಿಗೆ ‘ಸಿಪಿಯು ಐಡಿ’ ಎಂಬ ಆದೇಶ ಬಂತು. ಕೇಳಿದರೆ ಚಿಪ್ ತಾನೇ ತನ್ನ ಹೆಸರು, ಕುಲಗೋತ್ರ, ತನಗೆ ಬರುವ ವಿದ್ಯೆಗಳ ಪಟ್ಟಿ ಎಲ್ಲವನ್ನೂ ಒಪ್ಪಿಸುತ್ತದೆ. ಆದರೆ ಹಳೆಯ ಚಿಪ್‌ಗಳಿಗೆ ಈ ಪ್ರಶ್ನೆಯೇ ಅರ್ಥವಾಗದು. ಆದ್ದರಿಂದ ‘ಪ್ರಶ್ನೆ ಕೇಳಬಹುದೇ’ ಎಂದು ಮೊದಲು ಕೇಳಬೇಕು. ಚಿಪ್‌ನೊಳಗೆ 21ನೆಯ ಸ್ಥಾನದ ಒಂದು ಗುರುತನ್ನು ಬದಲಿಸಲು ಯತ್ನಿಸುವುದು, ಬದಲಾಯಿತೆಂದರೆ ಕೇಳಬಹುದು, ಬದಲಾಗದೆ ಮೊಂಡು ಹಿಡಿದರೆ ಕೇಳಕೂಡದು.

ಇಷ್ಟು ಅನುಕೂಲವಾದ ಮೇಲೆ ಅದರ ದುರುಪಯೋಗವೂ ಬಾರದಿರುತ್ತದೆಯೇ? ಸಿಪಿಯು ಐಡಿಗೆ ಇಂಟೆಲ್ ಚಿಪ್‌ಗಳು ‘ಜೆನ್ಯುಯಿನ್ ಇಂಟೆಲ್’ ಎಂದೂ, ಎಎಂಡಿ ಕಂಪನಿಯವು ‘ಅಥೆಂಟಿಕ್ ಎಎಂಡಿ’ ಎಂದೂ ಹೆಸರು ಹೇಳುತ್ತವೆ. ಇಂಟೆಲ್ ಮಾರುತ್ತಿದ್ದ ಕಂಪೈಲರ್ ತಯಾರಿಸಿದ ಪ್ರೊಗ್ರಾಂಗಳು ಓಡುವಾಗ ಚಿಪ್‌ನ ವಿದ್ಯೆ ಮಾತ್ರ ನೋಡುತ್ತಿರಲಿಲ್ಲ, ಹೆಸರನ್ನೂ ನೋಡುತ್ತಿದ್ದವು. ಅದೇ ವಿದ್ಯೆ ಬರುವ ಬೇರೆ ಕಂಪನಿಯ ಚಿಪ್ ಸಿಕ್ಕರೆ ನಿಧಾನದ ದಾರಿಗೆ ತಳ್ಳುತ್ತಿದ್ದವು. ಈ ಕೆಲಸ ಬರುತ್ತದೆಯೇ ಎಂದು ಕೇಳುವ ಬದಲು ಯಾವ ಮನೆತನದವನು ಎಂದು ಕೇಳಿ ಪಂಕ್ತಿಯಲ್ಲಿ ಕೂರಿಸಿದ ಹಾಗೆ. ಹೆಸರು ಬದಲಿಸಿಕೊಳ್ಳಲು ಬರುವ ವಿಯಾ ನ್ಯಾನೊ ಎಂಬ ಚಿಪ್ ಮೇಲೆ 2008ರಲ್ಲಿ ಒಂದು ಪರೀಕ್ಷೆ ನಡೆಯಿತು. ಇಂಟೆಲ್ ಹೆಸರು ಹಚ್ಚಿದೊಡನೆ, ವೇಗ ಅಳೆಯುವ ಒಂದು ತಂತ್ರಾಂಶ ಅದೇ ಚಿಪ್‌ಗೆ ಹೆಚ್ಚು ಅಂಕ ಕೊಟ್ಟಿತು. ಕೊನೆಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 2010ರಲ್ಲಿ ಆದ ಒಪ್ಪಂದದಲ್ಲಿ, ತನ್ನ ಕಂಪೈಲರ್ ಇತರರ ಚಿಪ್‌ಗಳಿಗೆ ಅಷ್ಟೇ ಅನುಕೂಲ ಮಾಡಿಕೊಡದಿರಬಹುದು ಎಂದು ಗಿರಾಕಿಗಳಿಗೆ ತಿಳಿಸಲು ಇಂಟೆಲ್ ಒಪ್ಪಬೇಕಾಯಿತು.

ಚಿಪ್‌ಗಳ ಲೋಕದಲ್ಲಿ ಹುಟ್ಟಿದ ಈ ಪ್ರಶ್ನೆ ಅಷ್ಟರಲ್ಲಿ ತಂತ್ರಾಂಶದೊಳಗೂ ಬೇರೂರಿತ್ತು. ಅಲ್ಲಿ ಖಾಲಿ ಸಾಕೆಟ್ ಬದಲು ಮಾಡ್ಯೂಲ್‌ಗಳು, ಅಂದರೆ ಬೇಕೆಂದರೆ ಜೋಡಿಸಿಕೊಳ್ಳಬಹುದಾದ ಪ್ರೊಗ್ರಾಂ ಬಿಡಿಭಾಗಗಳು. ನೆದರ್‌ಲೆಂಡ್ಸ್‌ನ ಗೈಡೊ ವ್ಯಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್ ಭಾಷೆಯನ್ನು ನೋಡಿ. ಅದರಲ್ಲಿ ಮಾಹಿತಿಯನ್ನು ಕಟ್ಟಿ ಕಡತದಲ್ಲಿಡಲು ‘ಪಿಕಲ್’ ಎಂಬ ಮಾಡ್ಯೂಲ್ ಇದೆ. ಹೆಸರೇ ಹೇಳುವಂತೆ, ಕೆಡದಂತೆ ಹಾಕಿಟ್ಟ ಉಪ್ಪಿನಕಾಯಿ. ಅದೇ ಕೆಲಸವನ್ನು ಸಾವಿರ ಪಟ್ಟಿನವರೆಗೂ ವೇಗವಾಗಿ ಮಾಡಬಲ್ಲ ‘ಸಿ ಪಿಕಲ್’ ಎಂಬ ಇನ್ನೊಂದು ಹಳೆಯ ಆವೃತ್ತಿಗಳಲ್ಲಿತ್ತು. ಆದರೆ ಅದು ಎಲ್ಲ ಯಂತ್ರಗಳಲ್ಲೂ ಇರುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಪ್ರೊಗ್ರಾಮರುಗಳು ಹೀಗೆ ಬರೆಯುತ್ತಿದ್ದರು: ಸಿ ಪಿಕಲ್ ತರಲು ಯತ್ನಿಸು, ಸಿಗದಿದ್ದರೆ ಪಿಕಲ್ ತಾ. 8087ನ ಮೇಲ್ವಿಚಾರಕನ ಏರ್ಪಾಡೇ, ವೇಷ ಬೇರೆ. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3.0 ಈ ಹುಡುಕಾಟವನ್ನು ಪಿಕಲ್ ಒಳಗೇ ಸೇರಿಸಿತು.

ಹಳೆಯ ಬಲೆಗಳೂ ಹೊಸ ವೇಷದಲ್ಲಿ ಬಂದವು. ಮಾಡ್ಯೂಲ್ ಯಂತ್ರದಲ್ಲಿ ಇದೆ, ಆದರೆ ಅದಕ್ಕೆ ಬೇಕಾದ ಇನ್ನೊಂದು ಭಾಗ ಇಲ್ಲ ಎನ್ನಿ. ತರಲು ಹೋದಾಗ ಎಡವುತ್ತದೆ. ಪ್ರೊಗ್ರಾಂ ಅದನ್ನು ‘ಇಲ್ಲ’ ಎಂದು ಓದುತ್ತದೆ. ಮನೆಯಲ್ಲಿ ಜನ ಇದ್ದಾರೆ, ಚಿಲಕ ಸಿಕ್ಕಿಕೊಂಡಿದೆ, ಬಂದವನು ಯಾರೂ ಇಲ್ಲವೆಂದು ಹಿಂತಿರುಗಿದ್ದಾನೆ. ಆಮೇಲೆ ತಿಂಗಳುಗಟ್ಟಲೆ ನಿಧಾನದ ದಾರಿಯಲ್ಲೇ ಕೆಲಸ ನಡೆದರೂ ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ಉತ್ತರ ಸರಿಯಾಗಿಯೇ ಬರುತ್ತಿರುತ್ತದೆ. 2014ರ ಪೈಥಾನ್ 3.4ರಲ್ಲಿ ಮಾಡ್ಯೂಲನ್ನು ಎಬ್ಬಿಸದೆ, ಅದು ಇದೆಯೇ ಎಂದಷ್ಟೇ ನೋಡಿ ಬರುವ ಸೌಲಭ್ಯ ಬಂತು. ಎಬ್ಬಿಸಿದರೆ ಕೆಲಸ ಮಾಡೀತೇ ಎಂಬುದನ್ನು ಅದು ಹೇಳಲಾರದು. ಐಬಿಎಂನ ಪುಟ್ಟ ಸ್ವಿಚ್ಚಿಗೆ ಅದು ಹತ್ತಿರದ ನಂಟ. 2016ರ 3.6ರಲ್ಲಿ ‘ಮಾಡ್ಯೂಲೇ ಸಿಗಲಿಲ್ಲ’ ಎಂಬ ದೂರಿಗೆ ಪ್ರತ್ಯೇಕ ಹೆಸರು ಕೊಟ್ಟರು.

ಐಚ್ಛಿಕ ಭಾಗ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಕನ್ನಡಿಗರಿಗೆ ಕಣ್ಣಾರೆ ಗೊತ್ತು. 1990ರ ದಶಕದ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟುಗಳು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಗಣಕಕ್ಕೆ ಇಲ್ಲಿ ಏನೋ ಕಮ್ಮಿ ಇದೆ ಎಂಬ ಅನುಮಾನ ಕೂಡ ಬರುತ್ತಿರಲಿಲ್ಲ, ಅದರ ಮಟ್ಟಿಗೆ ಅದು ಇಂಗ್ಲಿಷೇ! 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು. ಆದರೆ ಜಾಗ ಸಿಕ್ಕರೆ ಸಾಲದು. ಗುಣಿತ, ಒತ್ತಕ್ಷರಗಳನ್ನು ಕೂಡಿಸುವ ತಂತ್ರಾಂಶದ ಭಾಗವೂ ಬೇಕು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಆ ಭಾಗವಿತ್ತು, ‘ತುಂಗಾ’ ಎಂಬ ಕನ್ನಡ ಫಾಂಟೂ ಇತ್ತು. ಆದರೆ ಇಂಗ್ಲಿಷ್ ಎಕ್ಸ್‌ಪಿ ಹಾಕಿಕೊಂಡವರಿಗೆ ಅದು ಐಚ್ಛಿಕ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಭಾಷೆಗಳ ವಿಭಾಗ ತೆರೆದು, ಸಂಕೀರ್ಣ ಲಿಪಿಗಳ ಮುಂದಿನ ಚೌಕದಲ್ಲಿ ಗುರುತು ಹಾಕಬೇಕು. ಹಾಕಿದರೆ ಅದು ಎಕ್ಸ್‌ಪಿಯ ಸಿ.ಡಿ. ಕೇಳುತ್ತದೆ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕಕ್ಕೆ ಕುಳಿತವರು ಆ ಸಿ.ಡಿ. ಎಲ್ಲಿಂದ ತರಬೇಕು? ‘ಅಕ್ಕ’ ಎಂದು ಬರೆದದ್ದು ಬಿಡಿಬಿಡಿಯಾಗಿ ‘ಅಕ್‌ಕ’ ಎಂದು ಕಾಣುತ್ತಿತ್ತು, ಫಾಂಟೂ ಇಲ್ಲದಿದ್ದರೆ ಸಾಲುಸಾಲು ಖಾಲಿ ಚೌಕಗಳು. ನಿಮ್ಮಲ್ಲಿ ಇಂಥ ಭಾಗ ಇಲ್ಲ, ಅದಕ್ಕೇ ಹೀಗೆ ಎಂದು ಹೇಳುವ ಸಾಲು ತೆರೆಯ ಮೇಲೆ ಎಲ್ಲೂ ಮೂಡುತ್ತಿರಲಿಲ್ಲ. ಓದುವವರು ಕಡತ ಕೆಟ್ಟಿದೆ ಎಂದೋ, ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ ಎಂದೋ ತಿಳಿದುಕೊಂಡು ಮುಚ್ಚಿಡುತ್ತಿದ್ದರು.

2007ರ ಜನವರಿ ಕೊನೆಯಲ್ಲಿ ಅಂಗಡಿಗಳಿಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಗುರುತು ಹಾಕಬೇಕಾದ ಆ ಚೌಕ ಇರಲಿಲ್ಲ. ಕನ್ನಡದ ಗುಣಿತ, ಒತ್ತುಗಳನ್ನು ಕೂಡಿಸುವ ಭಾಗವನ್ನು, 8087ನ್ನು 486 ಒಳಗಿಟ್ಟುಕೊಂಡ ಹಾಗೆ, ಅದು ಮೊದಲೇ ಒಳಗಿಟ್ಟುಕೊಂಡು ಬಂದಿತ್ತು.